ಶಾಲೆಯ ಇಂಕ್ ಟ್ಯಾಂಕ್ ಪ್ರಿಂಟರ್: ಮೂರೂವರೆ ವರ್ಷ, ನಾಲ್ಕು ಬಣ್ಣ, ಒಂದು ಮೇನ್ ಸ್ವಿಚ್

ನಿಮಿಷಕ್ಕೆ ಎಷ್ಟು ಪೇಜ್, ವೈಫೈ ಇದೆಯಾ, ಸ್ಕ್ಯಾನರ್ ಹೇಗಿದೆ ಅನ್ನೋದೆಲ್ಲ ಡಬ್ಬದ ಮೇಲೇ ಬರೆದಿರುತ್ತದೆ. ನೀವೂ ಓದಿರುತ್ತೀರಿ. ನಾನು ಬರೆಯಲು ಕೂತಿದ್ದು ರಜೆಯ ಬಗ್ಗೆ. ದಸರಾ ರಜೆ, ಬೇಸಿಗೆ ರಜೆ. ಶಾಲೆಗೂ ಇಂಕ್ ಟ್ಯಾಂಕ್ ಪ್ರಿಂಟರಿಗೂ (ಬಾಟಲಿಯ ಇಂಕನ್ನು ಟ್ಯಾಂಕಿಗೆ ಸುರಿದು ಬಳಸುವಂಥದ್ದು) ಜಾತಕ ಕೂಡಿ ಬರದೇ ಇರುವುದು ಅಲ್ಲೇ.

ನಮ್ಮದು ಹಳ್ಳಿಯ ಪ್ರೌಢಶಾಲೆ. 180 ಮಕ್ಕಳು. 2022ರ ಜೂನ್‌ನಲ್ಲಿ ಹಳೆ ವಿದ್ಯಾರ್ಥಿಗಳು ದುಡ್ಡು ಸೇರಿಸಿ 13,500 ರೂಪಾಯಿಯ ಈ ಪ್ರಿಂಟರ್ ಕೊಡಿಸಿದರು. ಅಲ್ಲಿಯವರೆಗೆ ಪ್ರಶ್ನೆಪತ್ರಿಕೆ ಅಂದರೆ ಪೆನ್ ಡ್ರೈವ್ ಹಿಡಿದು ಬಸ್ ಹತ್ತಬೇಕು, ಜೆರಾಕ್ಸ್ ಅಂಗಡಿಯಲ್ಲಿ ಸಾಲಲ್ಲಿ ನಿಲ್ಲಬೇಕು, ಹಾಳೆಗೆ 2 ರೂಪಾಯಿ ಕೊಡಬೇಕು. ಪೆನ್ ಡ್ರೈವ್ ವಾಪಸ್ ಬರುವಾಗ ಜೊತೆಗೊಂದು ವೈರಸ್ಸೂ ಬರುತ್ತಿತ್ತು, ಅದಕ್ಕೆ ಮಾತ್ರ ದುಡ್ಡಿಲ್ಲ.

ಖರ್ಚಿನ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಒಂದು ಎಫ್‌ಎಗೆ (ವರ್ಷದ ನಡುವೆ ನಡೆಯುವ ಕಿರುಪರೀಕ್ಷೆ) ಆರು ವಿಷಯ, ಅಂದರೆ 1,080 ಹಾಳೆ. ಅಂಗಡಿಯಲ್ಲಿ 2,160 ರೂಪಾಯಿ. ನಮ್ಮಲ್ಲಿ 350 ರೂಪಾಯಿಯ ಕಪ್ಪು ಇಂಕಿನ ಬಾಟಲಿ ಹೆಚ್ಚುಕಮ್ಮಿ 3,000 ಹಾಳೆ ಬರುತ್ತದೆ. ಡಬ್ಬದ ಮೇಲೆ ಬರೆದಿದ್ದು ಇನ್ನೂ ಜಾಸ್ತಿ. ಆದರೆ ಆ ಲೆಕ್ಕ ಕಂಪನಿಯವರು ಅಳತೆಗೆ ಇಟ್ಟುಕೊಳ್ಳುವ, ತೆಳ್ಳಗೆ ಅಕ್ಷರ ಇರುವ ಮಾದರಿ ಹಾಳೆಯದು, ನಮ್ಮ ವಿಜ್ಞಾನ ಮೇಷ್ಟ್ರ ಹೃದಯದ ಚಿತ್ರದ್ದಲ್ಲ. 290 ರೂಪಾಯಿಯ ರಿಮ್ಮನ್ನೂ (500 ಹಾಳೆ) ಸೇರಿಸಿದರೆ ಹಾಳೆಗೆ 70 ಪೈಸೆ. ಒಂದು ಎಫ್‌ಎ 756 ರೂಪಾಯಿಗೆ ಮುಗಿಯುತ್ತದೆ. ಮೊದಲ ವರ್ಷ ನಾವೆಲ್ಲ ಇದನ್ನು ತಲೆ ಮೇಲೆ ಹೊತ್ತುಕೊಂಡಿದ್ದೆವು.

ಆಮೇಲೆ ದಸರಾ ರಜೆ ಬಂತು. ರಜೆ ಮುಗಿಸಿ ಬಂದು ಪ್ರಿಂಟ್ ಕೊಟ್ಟರೆ ಅಕ್ಷರದ ನಡುವೆ ಬಿಳಿ ಗೆರೆ. ಒತ್ತಕ್ಷರ ಅರ್ಧಕ್ಕೇ ಮಾಯ. ಕಂಪ್ಯೂಟರಿನಲ್ಲಿ ಹೆಡ್ ಕ್ಲೀನಿಂಗ್ (ಹಾಳೆಗೆ ಇಂಕ್ ಚಿಮ್ಮಿಸುವ ಹೆಡ್ ಅನ್ನು ತೊಳೆಯುವುದು) ಅಂತ ಒಂದು ಬಟನ್ ಸಿಕ್ಕಿತು. ಒತ್ತಿದೆ, ಸರಿಹೋಯಿತು. 2023ರ ಬೇಸಿಗೆ ರಜೆ ಮುಗಿದಾಗ ಮಾತ್ರ ಹಳದಿ, ಕೆಂಪು ಎರಡೂ ಸುಳಿವಿಲ್ಲ, ಕಪ್ಪು ಬೂದಿ ಬಣ್ಣ. ಮತ್ತೆ ಕ್ಲೀನಿಂಗ್ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಅವತ್ತು ಒಟ್ಟು ಒಂಬತ್ತು ಸಲ ಒತ್ತಿದ್ದೇನೆ. ಟ್ಯಾಂಕಿನಲ್ಲಿ ಇಂಕ್ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು.

ಆ ಇಂಕ್ ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಪ್ರಿಂಟರಿನ ಒಳಗೆ ಸ್ಪಂಜಿನಂಥ ಒಂದು ಪ್ಯಾಡ್ ಇದೆ. ಕ್ಲೀನಿಂಗ್ ಮಾಡಿದಾಗಲೆಲ್ಲ ಇಂಕ್ ಅದರೊಳಕ್ಕೆ ಹೋಗುತ್ತದೆ. ಪ್ಯಾಡ್ ತುಂಬಿತು ಅಂತ ಪ್ರಿಂಟರಿನ ಲೆಕ್ಕಕ್ಕೆ ಬಂದ ದಿನ ಅದು ಸತ್ಯಾಗ್ರಹಕ್ಕೆ ಕೂರುತ್ತದೆ. ನಮ್ಮದು ಕೂತಿದ್ದು 2024ರ ಫೆಬ್ರವರಿಯಲ್ಲಿ, ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ವಾರ. ಮತ್ತೆ ಪೆನ್ ಡ್ರೈವ್, ಮತ್ತೆ ಬಸ್. ಇದೇ ವಿಮರ್ಶೆಯನ್ನು ಆ ವಾರ ಬರೆದಿದ್ದರೆ ಎರಡೇ ಸಾಲು ಇರುತ್ತಿತ್ತು, ಎರಡೂ ಓದುವ ಹಾಗಿರುತ್ತಿರಲಿಲ್ಲ.

ರಿಪೇರಿಗೆ ಬಂದ ಹುಡುಗ ಮುಚ್ಚಳ ಎತ್ತಿ ನೋಡಿದ. ಹೆಡ್ ಮಧ್ಯದಲ್ಲಿ ನಿಂತಿತ್ತು. "ಮೇಡಂ, ಇದನ್ನ ಆಫ್ ಮಾಡೋದು ಹೇಗೆ?" ಅಂತ ಕೇಳಿದ.

ಆಫ್ ಮಾಡುವುದೇನು ಬಂತು? ಸಂಜೆ ನಾಲ್ಕೂವರೆಗೆ ನಮ್ಮ ಅಟೆಂಡರ್ ಅಣ್ಣ ಫ್ಯಾನು, ಲೈಟು, ಕಂಪ್ಯೂಟರು ಎಲ್ಲಕ್ಕೂ ಸೇರಿಸಿ ಮೇನ್ ಸ್ವಿಚ್ ಎಳೆಯುತ್ತಾರೆ. ಕರೆಂಟಿನ ವಿಷಯದಲ್ಲಿ ಅವರು ಬಹಳ ಶಿಸ್ತು. ಆದರೆ ಪ್ರಿಂಟರನ್ನು ಅದರದೇ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಖಂಡಿತ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದಂತೆ. ಕೆಲಸ ಮುಗಿದ ಕೂಡಲೇ ಮೇನ್ ಎಳೆದರೆ ಅರ್ಧ ದಾರಿಯಲ್ಲೇ ನಿಂತುಬಿಡಬಹುದು. ಮುಚ್ಚಳವಿಲ್ಲದ ಪೆನ್ನು ಮೇಜಿನ ಮೇಲೆ ಒಂದೂವರೆ ತಿಂಗಳು ಬಿದ್ದರೆ ಏನಾಗುತ್ತದೆ? ಅದೇ ಆಗಿತ್ತು.

ಒಂದೂವರೆ ವರ್ಷ ಬೈದಿದ್ದು ಪ್ರಿಂಟರಿಗೆ. ತಪ್ಪು ನಮ್ಮ ಸ್ವಿಚ್‌ಬೋರ್ಡಿನದು. ಆದರೂ ಒಂದು ಮಾತು. ಇದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆದರೆ ಯಾರ ಗಂಟು ಹೋಗುತ್ತಿತ್ತು? ಪುಸ್ತಕದಲ್ಲಿ ಎಲ್ಲೋ ಸಣ್ಣಕ್ಷರದಲ್ಲಿದೆ, ಆಮೇಲೆ ಹುಡುಕಿ ನೋಡಿದೆ.

ಈಗ ಸ್ವಿಚ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: "ಮೊದಲು ಪ್ರಿಂಟರ್, ಕೊನೆಗೆ ಮೇನ್." ಬಟನ್ ಒತ್ತಿದ ಮೇಲೆ ಒಳಗೆ ಕಟಕಟ ಸದ್ದಾಗಿ ದೀಪ ಆರುವವರೆಗೆ ಕಾಯಬೇಕು. "ಮಲಗಿತು ಮೇಡಂ" ಅಂತ ಹೇಳಿಯೇ ಅಣ್ಣ ಬೀಗ ಹಾಕುತ್ತಾರೆ.

ಇನ್ನೊಂದು ಅಭ್ಯಾಸ ಶನಿವಾರದ್ದು. ನಾಲ್ಕೂ ಬಣ್ಣ ವಾರಕ್ಕೊಮ್ಮೆಯಾದರೂ ಓಡಾಡಬೇಕು ಅಂತ ಆ ಹುಡುಗ ಹೇಳಿದ್ದ. ಸುಮ್ನೆ ಬಣ್ಣದ ಪಟ್ಟಿ ಹೊಡೆದು ಬುಟ್ಟಿಗೆ ಎಸೆಯಲು ಮನಸ್ಸು ಬರಲಿಲ್ಲ. ಹಾಗಾಗಿ ಬೆಳಗಿನ ಶಾಲೆ ಮುಗಿಯುವ ಹೊತ್ತಿಗೆ ಒಂದು ಗಾದೆ, ಜೊತೆಗೆ ಎಂಟನೇ ತರಗತಿಯ ಯಾರಾದರೂ ಬಿಡಿಸಿದ ಬಣ್ಣದ ಚಿತ್ರ, ಎರಡನ್ನೂ ಸೇರಿಸಿ ಒಂದು ಹಾಳೆ ಪ್ರಿಂಟ್ ಮಾಡಿ ನೋಟಿಸ್ ಬೋರ್ಡಿಗೆ ಹಾಕುತ್ತೇನೆ. ಈಗ ಮಕ್ಕಳು ಶುಕ್ರವಾರವೇ ಬಂದು ಚಿತ್ರ ಕೊಡುತ್ತಾರೆ. ಯಾರಿಗೂ ಗೊತ್ತಿಲ್ಲ, ಅದು ಪ್ರಿಂಟರಿನ ಗಂಟಲು ಒಣಗದಿರಲಿ ಅಂತ ಹಾಕುವ ನೀರು ಅಂತ. ಈ ಪ್ರಿಂಟರಿನಿಂದ ನನಗೆ ಸಿಕ್ಕ ದೊಡ್ಡ ಖುಷಿ ಇದೇ.

ಸ್ಟಾಫ್ ರೂಮಿನ ಉಳಿದ ತಕರಾರುಗಳಿಗೆ ಪ್ರಿಂಟರ್ ಕಾರಣವಲ್ಲ. ಮನೆಯಲ್ಲಿ ಟೈಪ್ ಮಾಡಿದ ಕನ್ನಡ ಶಾಲೆಯ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿ ಆದರೆ ಆ ಫಾಂಟ್ ಇಲ್ಲಿಲ್ಲ ಅಂತ ಅರ್ಥ. ಮನೆಯಲ್ಲೇ ಪಿಡಿಎಫ್ ಮಾಡಿ ತನ್ನಿ. ಮುಖ್ಯ ಶಿಕ್ಷಕರ ಸಹಿಯ ಸಾಲು ಎರಡನೇ ಹಾಳೆಗೆ ಜಾರುತ್ತಿದೆಯಾ? ಪೇಪರ್ ಸೈಜ್ 'ಲೆಟರ್' ಅಂತ ಇರುತ್ತದೆ, 'ಎ4' ಮಾಡಿ. ಲೆಟರ್ ಎತ್ತರದಲ್ಲಿ ಸುಮಾರು 18 ಮಿಲಿಮೀಟರ್ ಗಿಡ್ಡ. ಇನ್ನು, ಹಾಳೆ ಬರಲಿಲ್ಲ ಅಂತ ಪ್ರಿಂಟ್ ಬಟನ್ ಮತ್ತೆ ಮತ್ತೆ ಒತ್ತಬೇಡಿ. ನಮ್ಮ ಸರ್ ಒಬ್ಬರು 40 ಪ್ರತಿಯನ್ನು ಐದು ಸಲ ಒತ್ತಿ ಟೀ ಕುಡಿಯಲು ಹೋದರು. ಟ್ರೇಯಲ್ಲಿ ಹಾಳೆ ಮುಗಿದಿತ್ತು ಅಷ್ಟೇ. ಯಾರೋ ಪುಣ್ಯಾತ್ಮರು ಹಾಳೆ ತುಂಬಿಸಿದರು, ಅವರು ಬರುವಷ್ಟರಲ್ಲಿ 200 ಹಾಳೆ ನೆಲದ ಮೇಲಿತ್ತು.

ಒಂದು ದೋಷಕ್ಕೆ ಮಾತ್ರ ಇನ್ನೂ ಮದ್ದಿಲ್ಲ. ನಮ್ಮ ಪ್ರಿಂಟರಿನ ಇಂಕಿಗೆ ನೀರು ತಾಗಿದರೆ ಹರಡುತ್ತದೆ. ಮಳೆಗಾಲದಲ್ಲಿ ವ್ಯಾಸಂಗ ಪ್ರಮಾಣಪತ್ರ ಒಯ್ದ ಹುಡುಗನೊಬ್ಬ ಮರುದಿನ ನೀಲಿ ಮೋಡದಂಥ ಹಾಳೆ ಹಿಡಿದು ಬಂದಿದ್ದ. ಈಗ ಅಂಥ ಪತ್ರ ಕೊಡುವಾಗ ಪ್ಲಾಸ್ಟಿಕ್ ಕವರೂ ಕೊಡುತ್ತೇವೆ. ನಿಮ್ಮದು ಬರೀ ಪ್ರಮಾಣಪತ್ರದ ಕೆಲಸ, ಬಣ್ಣ ಬೇಡ, ತಿಂಗಳಿಗೆ ಐವತ್ತು ಹಾಳೆ ಅನ್ನುವುದಾದರೆ ಇದು ಬೇಡ. ಲೇಸರ್ ತೆಗೆದುಕೊಳ್ಳಿ. ಅದರಲ್ಲಿ ಇಂಕಿನ ಬದಲು ಇರುವ ಪುಡಿ ರಜೆಯಲ್ಲಿ ಒಣಗುವುದಿಲ್ಲ, ನೀರಿಗೂ ಹರಡುವುದಿಲ್ಲ. ನಮ್ಮ ಹಾಗೆ ಪರೀಕ್ಷೆಗೊಂದು ಸಾವಿರ ಹಾಳೆ ಬೇಕು, ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ ಇದೇ ಸರಿ. ಆದರೆ ರಜೆಯಲ್ಲಿ ಯಾರಾದರೂ ಬರಬೇಕು.

ನಮ್ಮಲ್ಲಿ ಅಟೆಂಡರ್ ಅಣ್ಣ ಗಿಡಗಳಿಗೆ ನೀರು ಹಾಕಲು ಬರುತ್ತಾರೆ. 2025ರ ಏಪ್ರಿಲ್‌ನಲ್ಲಿ ರಜೆಗೆ ಮುಂಚೆ ಅವರಿಗೆ ಕಲರ್ ಕಾಪಿ ಬಟನ್ ತೋರಿಸಿದ್ದೆ. ಕಂಪ್ಯೂಟರ್ ಹಾಕುವುದೇ ಬೇಡ, ಗಾಜಿನ ಮೇಲೆ ಗಾದೆಯ ಹಾಳೆ ಇಟ್ಟು ಶನಿವಾರ ಒಮ್ಮೆ ಒತ್ತಿ ಅಂದಿದ್ದೆ. ಮೇ ಕೊನೆಗೆ ಬಂದು ನೋಡಿದರೆ ನೋಟಿಸ್ ಬೋರ್ಡಿನಲ್ಲಿ ಸಾಲಾಗಿ ಏಳು ಹಾಳೆ. ಏಳರಲ್ಲೂ "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ." ಏಳನೆಯದರಲ್ಲೂ ಮಡಕೆಯ ಕೆಂಪು ಹಾಗೇ ಇತ್ತು.