ಕ್ರೂಗರ್ ಪಕ್ಕವೋ, ಜುಲುಲ್ಯಾಂಡೋ? ದಕ್ಷಿಣ ಆಫ್ರಿಕಾದಲ್ಲಿ ಸ್ವಯಂಸೇವೆಗೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜುಲುಲ್ಯಾಂಡಿಗೆ. ದುಡ್ಡು ಕೊಟ್ಟು ಕಾಡಿನ ಕೆಲಸ ಮಾಡಲು ದಕ್ಷಿಣ ಆಫ್ರಿಕಾದಲ್ಲಿ ಎರಡು ಕಡೆ ಇದ್ದು ನೋಡಿದ್ದೇನೆ. ಒಂದು ಲಿಂಪೊಪೊ ಪ್ರಾಂತ್ಯದ ಹೂಡ್‌ಸ್ಪ್ರೇಟ್ ಊರಿನ ಸುತ್ತ ಇರುವ ಖಾಸಗಿ ರಿಸರ್ವ್‌ಗಳ ಪೈಕಿ ಒಂದು, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ. ಇನ್ನೊಂದು ಕ್ವಾಜುಲು-ನಟಾಲ್ ಪ್ರಾಂತ್ಯದ ಉತ್ತರ ಭಾಗದಲ್ಲಿ, ಅಂದರೆ ಜುಲುಲ್ಯಾಂಡಿನಲ್ಲಿ, ಹ್ಲುಹ್ಲುವೆ-ಇಂಫೊಲೊಜಿ ಪಾರ್ಕಿನ ಕಡೆ. ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ.

ಸಿಂಹದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಜಾಗಗಳೂ ಇವೆ. ಅವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆ ಮರಿಗಳು ಅನಾಥ ಅಂತ ಹೇಳುತ್ತಾರೆ, ಆದರೆ ಬಹಳಷ್ಟನ್ನು ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಬಿಡಿಸಿ ತಂದಿರುತ್ತಾರೆ. ಬೆಳೆದ ಮೇಲೆ ಎಷ್ಟೋ ಸಿಂಹಗಳು ಬೇಲಿಯೊಳಗಿನ ಬೇಟೆಗೆ, ಮೂಳೆ ವ್ಯಾಪಾರಕ್ಕೆ ಹೋಗುತ್ತವೆ. ಈ ಸಾಕಣೆ ನಿಲ್ಲಬೇಕು ಎಂಬ ಸಮಿತಿ ವರದಿಯನ್ನು ಅಲ್ಲಿನ ಸರಕಾರ 2021ರಲ್ಲಿ ಹೊರತಂದಿತು. 2024ರಲ್ಲಿ ಸಚಿವ ಸಂಪುಟವೂ ಅದೇ ನೀತಿಗೆ ಒಪ್ಪಿಗೆ ಕೊಟ್ಟಿತು. ಮರಿ ಎತ್ತಿಕೊಂಡ ಫೋಟೋ ತೋರಿಸಿ ಕರೆಯುವ ಜಾಗಕ್ಕೆ ದಯವಿಟ್ಟು ಹೋಗಬೇಡಿ.

ಜುಲುಲ್ಯಾಂಡಿನಲ್ಲಿ ಕೆಲಸ ಅಂದರೆ ಕೆಲಸ. ಬೆಳಕು ಹರಿಯುವ ಮೊದಲೇ ತೆರೆದ ಬಂಡಿಯ ಹಿಂದೆ ಕುಳಿತಿರಬೇಕು. ಮುಖ್ಯವಾಗಿ ಹುಡುಕುವುದು ಆಫ್ರಿಕಾದ ಕಾಡುನಾಯಿಗಳನ್ನು. ನಮ್ಮ ಬಂಡೀಪುರ, ನಾಗರಹೊಳೆಯ ಸೀಳುನಾಯಿ ಬೇರೆ ಜಾತಿ. ಆಫ್ರಿಕಾದ ಈ ನಾಯಿಗಳ ಮೈಮೇಲೆ ಕಪ್ಪು, ಹಳದಿ, ಬಿಳಿ ಮಚ್ಚೆಗಳಿರುತ್ತವೆ. ಒಂದರ ಮಚ್ಚೆ ಇನ್ನೊಂದಕ್ಕೆ ಇರುವುದಿಲ್ಲ, ಹಾಗಾಗಿ ಫೋಟೋ ಇಟ್ಟುಕೊಂಡು ಪ್ರತಿ ನಾಯಿಯನ್ನೂ ಗುರುತಿಸಬಹುದು. ಗುಂಪಿನಲ್ಲಿ ಒಂದೆರಡಕ್ಕೆ ರೇಡಿಯೋ ಕಾಲರ್ ಹಾಕಿರುತ್ತಾರೆ. ಆಂಟೆನಾ ಎತ್ತಿ ನಿಧಾನಕ್ಕೆ ತಿರುಗಿಸಬೇಕು, ಬೀಪ್ ಜೋರಾಗಿ ಕೇಳುವ ದಿಕ್ಕಿಗೆ ಹೋಗಬೇಕು. ಸಿಕ್ಕ ಮೇಲೆ ಸಮಯ, ಜಾಗ, ಎಷ್ಟು ನಾಯಿ, ಹೊಟ್ಟೆ ತುಂಬಿದೆಯಾ, ಯಾವುದಾದರೂ ಕುಂಟುತ್ತಿದೆಯಾ, ಎಲ್ಲ ಬರೆದುಕೊಳ್ಳಬೇಕು.

ಹೀಗೆ ಕುಂಟು, ಗಾಯ ನೋಡುವುದೇ ದೊಡ್ಡ ಕೆಲಸ. ಜಿಂಕೆ ಜಾತಿಯ ಪ್ರಾಣಿಗೆ ಅಂತ ಕಟ್ಟಿದ ತಂತಿ ಉರುಲಿಗೆ ಕಾಡುನಾಯಿ ಸಿಕ್ಕಿಬೀಳುತ್ತದೆ. ತಂತಿ ಕಿತ್ತುಕೊಂಡು ಬಂದರೂ ಅದು ಕುತ್ತಿಗೆಯಲ್ಲೇ ಉಳಿದು ದಿನದಿನಕ್ಕೆ ಕೊರೆಯುತ್ತದೆ. ದಿನಾ ನೋಡುವ ಕಣ್ಣಿದ್ದರೆ ಪಶುವೈದ್ಯರನ್ನು ಬೇಗ ಕರೆಸಬಹುದು. ಇಡೀ ಆಫ್ರಿಕಾದಲ್ಲಿ ಈ ನಾಯಿಗಳು ಏಳು ಸಾವಿರಕ್ಕಿಂತ ಕಡಿಮೆ ಉಳಿದಿವೆ ಎಂಬ ಅಂದಾಜಿದೆ. ಅಂಥ ಪ್ರಾಣಿಯ ಮೇಲೆ ಕಣ್ಣಿಡಲು ನನ್ನ ದುಡ್ಡು, ನನ್ನ ಬೆಳಗು ಹೋದರೆ ಸಂತೋಷವೇ. ಪ್ರಾಣಿಯನ್ನು ಮುಟ್ಟುವ ಮಾತೇ ಇಲ್ಲ, ಇರಲೂ ಬಾರದು.

ಲಿಂಪೊಪೊ ಕಡೆಯ ಕೆಲಸ ಕೆಟ್ಟದ್ದೇನಲ್ಲ. ಬೇಲಿ ನೋಡುವುದು, ಪೊದೆ ಕಡಿಯುವುದು, ಪ್ರಾಣಿ ಎಣಿಕೆ. ಉಳಿದ ಹೊತ್ತು ಸಫಾರಿಯ ಹಾಗೇ ಸುತ್ತಾಟ. ನನ್ನನ್ನು ಸುಸ್ತು ಮಾಡಿದ್ದು ಗೇಟಿನಿಂದ ಆಚೆ ಹೋಗುವ ಪಾಡು.

"ಕ್ರೂಗರ್ ಪಕ್ಕದಲ್ಲೇ" ಅಂತ ಹೇಳಿಯೇ ಕರೆಸಿಕೊಳ್ಳುತ್ತಾರೆ. ನಕ್ಷೆಯಲ್ಲಿ ಪಕ್ಕ ನಿಜ. ಆದರೆ ರಿಸರ್ವ್ ಒಳಗೆ ಸಿಂಹ, ಆನೆ ಇರುವುದರಿಂದ ನಡೆದು ಹೊರಡುವ ಹಾಗಿಲ್ಲ. ಅವರ ಬಂಡಿ ಕೆಲಸಕ್ಕೆ ಮಾತ್ರ. ರಜೆ ದಿನ ಹೊರಗೆ ಹೋಗಬೇಕಾದರೆ ಅವರದೇ ಟ್ರಿಪ್‌ಗೆ ಬೇರೆ ದುಡ್ಡು ಕೊಡಬೇಕು, ಅದಕ್ಕೂ ನಾಲ್ಕು ಜನ ಸೇರಬೇಕು. ಸೇರದಿದ್ದರೆ ರದ್ದು. ನನಗೆ ಹೀಗೆ ರದ್ದಾಗಿ ಬ್ಲೈಡ್ ಕಣಿವೆ ತಪ್ಪುವುದರಲ್ಲಿತ್ತು.

ಬಾಡಿಗೆ ಕಾರು ತೆಗೆದುಕೊಳ್ಳೋಣ ಅಂದರೆ, ಓಡಿಸುವವರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಡೆಬಿಟ್ ಕಾರ್ಡ್ ಹೆಚ್ಚಿನ ಕಡೆ ನಡೆಯುವುದಿಲ್ಲ. ಕಾರು ವಾಪಸ್ ಕೊಡುವವರೆಗೂ ಠೇವಣಿ ಮೊತ್ತ ಕಾರ್ಡ್‌ನಲ್ಲಿ ಹಿಡಿದಿಟ್ಟಿರುತ್ತಾರೆ. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದರಿಂದ ರಸ್ತೆಯ ಭಯವಿಲ್ಲ. ಆದರೆ ಗುಂಡಿ, ದನಗಳ ಕಾರಣಕ್ಕೆ ಕತ್ತಲಾದ ಮೇಲೆ ಓಡಿಸಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹೂಡ್‌ಸ್ಪ್ರೇಟ್‌ನಿಂದ ಕ್ರೂಗರ್‌ನ ಓರ್ಪೆನ್ ಗೇಟಿಗೆ ಸುಮಾರು ಒಂದು ಗಂಟೆ ದಾರಿ. ಒಳಗೆ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಮೀರುವಂತಿಲ್ಲ. ಚಳಿಗಾಲದಲ್ಲಿ ಸಂಜೆ 5.30ಕ್ಕೆ ಗೇಟು ಮುಚ್ಚುತ್ತದೆ. ವಿದೇಶಿಯರಿಗೆ ಪ್ರವೇಶ ಶುಲ್ಕ ಸ್ಥಳೀಯರಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ. ಇಷ್ಟೆಲ್ಲ ಸೇರಿ ಒಬ್ಬರೇ ಹೋದವರ ರಜೆ ದಿನ ಕೈಗೆ ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ.

ನೋಟದ ವಿಷಯದಲ್ಲಿ ಮಾತ್ರ ಆ ಕಡೆಯೇ ಮೇಲು. ಬ್ಲೈಡ್ ಕಣಿವೆಯ ಅಂಚಿನಲ್ಲಿ ನಿಂತು, ಗುಡಿಸಲಿನ ಆಕಾರದ ಆ ಮೂರು ಗುಡ್ಡ ನೋಡಿದರೆ ಮಾತು ಹೊರಡುವುದಿಲ್ಲ.

ಜುಲುಲ್ಯಾಂಡಿನಲ್ಲಿ ಸುತ್ತಾಟ ಸುಲಭ. ಡರ್ಬನ್‌ನಿಂದ ಎನ್2 ಹೆದ್ದಾರಿ ಹಿಡಿದರೆ ಸುಮಾರು ಮೂರು ಗಂಟೆ. ಆ ದಾರಿಯಲ್ಲಿ ಮಿನಿಬಸ್ ಟ್ಯಾಕ್ಸಿಗಳು ಓಡುತ್ತವೆ. ಸೀಟು ತುಂಬಿದ ಮೇಲೆ ಹೊರಡುತ್ತವೆ, ದುಡ್ಡು ಕೈಯಿಂದ ಕೈಗೆ ಮುಂದೆ ಸಾಗುತ್ತದೆ. ಹಗಲು ಹೊತ್ತು, ಕಡಿಮೆ ಲಗೇಜು ಇದ್ದರೆ ನನಗೆ ಅದೇ ಸಾಕು. ಕೆಲಸ ಮುಗಿದ ಮೇಲೆ ಅದೇ ಕಡೆಯ ಸೇಂಟ್ ಲೂಸಿಯಾ ಎಂಬ ಊರಿನಲ್ಲಿ ಉಳಿದುಕೊಂಡೆ. ರಾತ್ರಿ ನೀರಾನೆಗಳು ಊರ ಬೀದಿಗೇ ಬಂದು ಹುಲ್ಲು ಮೇಯುತ್ತವೆ, ಹಾಗಾಗಿ ಕತ್ತಲಲ್ಲಿ ನಡೆದಾಡಬಾರದು. ಆ ಊರಿಗೆ ತಾಗಿದ ಇಸಿಮಂಗಲಿಸೊ ಜೌಗು ಉದ್ಯಾನ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಕೆರೆ, ಕಾಡು, ಸಮುದ್ರ ಎಲ್ಲ ಒಂದೇ ಕಡೆ.

ಊಟ: ಲಿಂಪೊಪೊದಲ್ಲಿ ಅಡುಗೆಯವರು ಮಾಡಿದ್ದೇ ಗತಿ, ಸಸ್ಯಾಹಾರಿಗೆ ಬಹಳ ಸಲ ಬ್ರೆಡ್ಡು ಸಲಾಡು. ಜುಲುಲ್ಯಾಂಡಿನಲ್ಲಿ ಸರದಿ ಮೇಲೆ ನಾವೇ ಬೇಯಿಸಿಕೊಳ್ಳಬೇಕಿತ್ತು. 1860ರಿಂದ ಕಬ್ಬಿನ ತೋಟಗಳಿಗೆ ಭಾರತದ ಕೂಲಿಯಾಳುಗಳು ಬಂದಿಳಿದ ನಾಡು ಅದು, ಡರ್ಬನ್‌ನಲ್ಲಿ ಬೇಳೆ, ಸಾಸಿವೆ, ಮೆಣಸಿನಪುಡಿ ಧಾರಾಳವಾಗಿ ಸಿಗುತ್ತವೆ. ನನ್ನ ಸರದಿಯ ದಿನ ತಿಳಿಸಾರು ಮಾಡಿದ್ದೆ, ಪಾತ್ರೆ ಖಾಲಿಯಾಯಿತು.

ಮಲೇರಿಯಾ ಮಾತ್ರೆಯ ಬಗ್ಗೆ ಎರಡಕ್ಕೂ ಡಾಕ್ಟರನ್ನು ಕೇಳಿ. ಅಲ್ಲಿನ ಮಳೆಗಾಲದ ತಿಂಗಳುಗಳಲ್ಲಿ ಕ್ರೂಗರ್ ಕಡೆ ಅಪಾಯ ಹೆಚ್ಚು. ಜುಲೈ ಅಲ್ಲಿ ಚಳಿಗಾಲ, ಬೆಳಗಿನ ಚಳಿಗೆ ಉಣ್ಣೆ ಟೋಪಿ ಬೇಕೇ ಬೇಕು.

ಇಬ್ಬರು ಮೂವರು ಸೇರಿ ಹೊರಟಿದ್ದೀರಿ, ಒಬ್ಬರಿಗಾದರೂ ಕಾರು ಓಡಿಸಲು ಇಷ್ಟ, ದೊಡ್ಡ ಕ್ಯಾಮೆರಾ ಇದೆ ಅಂದರೆ ಹೂಡ್‌ಸ್ಪ್ರೇಟ್ ಕಡೆ ಹೋಗಿ. ನಾನು ಒಬ್ಬಳೇ ಓಡಾಡುವವಳು, ಬೇಗ ಏಳುವ ಅಭ್ಯಾಸ, ದುಡ್ಡು ಎಣಿಸಿ ಖರ್ಚು ಮಾಡಬೇಕು. ಹಾಗಾಗಿ ಮುಂದಿನ ಸಲವೂ ಜುಲುಲ್ಯಾಂಡೇ. ಅದಕ್ಕೆ ಡಿಸೆಂಬರ್ ಆರಿಸಿಕೊಂಡಿದ್ದೇನೆ, ಯಾಕೆಂದರೆ ಇಸಿಮಂಗಲಿಸೊ ತೀರದಲ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆ ಇಡುವುದು ನವೆಂಬರ್‌ನಿಂದ ಜನವರಿವರೆಗೆ.