ರಾತ್ರಿ ಕಾರು ಓಡಿಸುವವರಿಗೆ ಮೋನೋಫೋಕಲ್ ಲೆನ್ಸ್: ಮೂರು ವರ್ಷಗಳ ಬಳಕೆಯ ನಂತರ

ಸಾಗರದಿಂದ ಶಿವಮೊಗ್ಗಕ್ಕೆ ವಾರಕ್ಕೆರಡು ಬಾರಿ ನಾನೇ ಕಾರು ಓಡಿಸಿಕೊಂಡು ಹೋಗಿಬರುತ್ತೇನೆ. ಕಣ್ಣಿಗೆ ಪೊರೆ ಬಂದಿರುವುದು ನನಗೆ ಗೊತ್ತಾದದ್ದು ಓದುವಾಗಲಲ್ಲ. ಮಳೆಗಾಲದ ಒಂದು ಸಂಜೆ ಆನಂದಪುರ ದಾಟಿದ ಮೇಲೆ, ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ರಸ್ತೆಯ ಅಂಚೇ ಕಾಣದಂತಾದಾಗ.

ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಲೆನ್ಸುಗಳಲ್ಲಿ, ಒಂದೇ ದೂರಕ್ಕೆ ಹೊಂದಿಸಿದ ಮೋನೋಫೋಕಲ್ ಮತ್ತು ಒಂದಕ್ಕಿಂತ ಹೆಚ್ಚು ದೂರಗಳಿಗೆ ಹೊಂದುವ ಮಲ್ಟಿಫೋಕಲ್ ಎರಡನ್ನೂ ವೈದ್ಯರು ವಿವರಿಸಿದರು. ಮಲ್ಟಿಫೋಕಲ್ ಲೆನ್ಸ್ ಕಣ್ಣಿಗೆ ಬಂದ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುವುದರಿಂದ ಓದುವ ಕನ್ನಡಕದ ಅಗತ್ಯ ಕಡಿಮೆಯಾಗುತ್ತದೆ, ಆದರೆ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಯಂತಹ ಪ್ರಭೆ ಕಾಣುತ್ತದೆ. ನನಗೆ ರಾತ್ರಿಯ ರಸ್ತೆಯೇ ಮುಖ್ಯವಾಗಿದ್ದರಿಂದ, ದೂರದೃಷ್ಟಿಗೆ ಹೊಂದಿಸಿದ ಸಾದಾ ಮೋನೋಫೋಕಲ್ ಲೆನ್ಸನ್ನೇ ಆರಿಸಿಕೊಂಡೆ. ಬೆಲೆಯೂ ಕಡಿಮೆ.

ಕಷ್ಟವಾದದ್ದು ಶಸ್ತ್ರಚಿಕಿತ್ಸೆಯಲ್ಲ, ಎರಡು ಕಣ್ಣುಗಳ ನಡುವಿನ ಆರು ವಾರ. ನನಗೆ ಮೊದಲಿನಿಂದಲೂ ಮೈನಸ್ ಐದರ ಕನ್ನಡಕವಿತ್ತು. ಒಂದು ಕಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿದೊಡನೆ ಆ ಕಣ್ಣಿಗೆ ಹಳೆಯ ಕನ್ನಡಕ ಹೊಂದುವುದಿಲ್ಲ; ಕನ್ನಡಕ ತೆಗೆದರೆ ಇನ್ನೊಂದು ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಬದಿಯ ಗಾಜು ತೆಗೆಸಿ ನೋಡಿದೆ. ಎರಡು ಕಣ್ಣುಗಳಿಗೆ ಎರಡು ಅಳತೆಯ ಚಿತ್ರ ಕಂಡು ತಲೆ ಸುತ್ತಿತು, ಮೆಟ್ಟಿಲಿನ ಅಂಚೂ ಅಂದಾಜಿಗೆ ಸಿಗಲಿಲ್ಲ. ಆ ಅವಧಿಯಲ್ಲಿ ನಾನು ಸ್ಟೀರಿಂಗ್ ಮುಟ್ಟಲಿಲ್ಲ. ಈ ವಿಷಯವನ್ನು ಆಸ್ಪತ್ರೆಯಲ್ಲಿ ಯಾರೂ ಮುಂಚಿತವಾಗಿ ಹೇಳಿರಲಿಲ್ಲವೆಂಬ ಬೇಸರ ಇಂದಿಗೂ ಇದೆ. ಹೆಚ್ಚು ನಂಬರಿನ ಕನ್ನಡಕವಿರುವವರು ಎರಡನೆಯ ಕಣ್ಣಿನ ದಿನಾಂಕವನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಎರಡನೆಯ ಕಣ್ಣೂ ಮುಗಿದು, ಹನಿ ಔಷಧ ನಿಂತು, ವೈದ್ಯರು ದೃಷ್ಟಿ ಪರೀಕ್ಷಿಸಿ ಒಪ್ಪಿದ ಮೇಲೆ ಮೊದಲು ಊರೊಳಗೆ, ಹಗಲಿನಲ್ಲಿ ಮಾತ್ರ ಓಡಿಸಿದೆ. ದೂರದ ಊರ ಫಲಕಗಳನ್ನು ಕನ್ನಡಕವಿಲ್ಲದೆ ಓದಿದ್ದು ಹೈಸ್ಕೂಲಿನ ದಿನಗಳ ನಂತರ ಅದೇ ಮೊದಲು. ಆಕಾಶದ ನೀಲಿ ಇಷ್ಟು ಗಾಢವೆಂಬುದನ್ನೂ ನಾನು ಮರೆತಿದ್ದೆ. ರಾತ್ರಿ ಚಾಲನೆಗೆ ಮರಳಲು ಇನ್ನೂ ಒಂದು ತಿಂಗಳು ತೆಗೆದುಕೊಂಡೆ. ಹೈಬೀಮ್ ಈಗಲೂ ಚುಚ್ಚುತ್ತದೆ, ಆದರೆ ವಾಹನ ದಾಟಿದ ಕೂಡಲೇ ರಸ್ತೆ ಮತ್ತೆ ಕಾಣುತ್ತದೆ, ಬಣ್ಣ ಬಳಿಯದ ಹಂಪ್ ಕೂಡ ಸಮಯಕ್ಕೆ ಸರಿಯಾಗಿ ಕಣ್ಣಿಗೆ ಬೀಳುತ್ತದೆ.

ಕೊರತೆಯೆಂದರೆ ಡ್ಯಾಶ್‌ಬೋರ್ಡ್. ಸ್ಪೀಡೋಮೀಟರಿನ ಸಣ್ಣ ಅಂಕಿಗಳು ಮಸುಕಾಗಿ ಕಾಣುತ್ತಿದ್ದವು, ಓದುವ ಕನ್ನಡಕ ಹಾಕಿದರೆ ರಸ್ತೆಯೇ ಮಸುಕಾಗುತ್ತಿತ್ತು. ಮೇಲ್ಭಾಗದಲ್ಲಿ ನಂಬರಿಲ್ಲದ, ಕೆಳಗಿಳಿದಂತೆ ಓದುವ ನಂಬರು ಬರುವ ಪ್ರೋಗ್ರೆಸಿವ್ ಕನ್ನಡಕ ಮಾಡಿಸಿಕೊಂಡ ಮೇಲೆ ಇದು ಬಗೆಹರಿಯಿತು. ಪರವಾನಗಿ ನವೀಕರಣದ ವೈದ್ಯಕೀಯ ತಪಾಸಣೆಯಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟನ್ನು ಬರಿಗಣ್ಣಿನಿಂದಲೇ ಓದಿದೆ.

ಎರಡನೆಯ ವರ್ಷ ಬಲಗಣ್ಣಿನಲ್ಲಿ ಮತ್ತೆ ಮಂಜು ಕವಿದಂತಾಗಿ ಗಾಬರಿಯಾಯಿತು. ಅದು ಪೊರೆ ಮರಳಿ ಬಂದದ್ದಲ್ಲ, ಲೆನ್ಸಿನ ಹಿಂದೆ ಉಳಿಸಿರುವ ತೆಳುಪದರ ಮಬ್ಬಾಗುವುದು. ಲೆನ್ಸ್ ಯಾವುದೇ ಇರಲಿ, ಹೀಗಾಗಬಹುದು. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಸರಿಪಡಿಸಿದರು. ಪಾಪೆ ಹಿಗ್ಗಿಸುವ ಹನಿ ಹಾಕುವುದರಿಂದ ಆ ದಿನ ಓಡಿಸಲಾಗದು. ನಾನು ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿಬಂದೆ.