ರೋಬೋಟ್ ಆಪರೇಷನ್‌ಗೆ ಸಹಿ ಹಾಕೋ ಮೊದಲು ಅನ್ನನಾಳದ ಮನೋಮೆಟ್ರಿ ಪರೀಕ್ಷೆ ಆಯ್ತಾ ಕೇಳಿ

ಎದೆಯುರಿ, ಹುಳಿತೇಗಿಗೆ ವರ್ಷಗಟ್ಟಲೆ ಮಾತ್ರೆ ನುಂಗುವವರು ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಂಡಕ್ಕಿ ಮೆಣಸಿನಕಾಯಿ ಊರು, ಕೇಳಬೇಕಾ? ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯೊಂದು ಇಲ್ಲಿ ಕ್ಯಾಂಪ್ ಮಾಡಿತ್ತು. ನಮ್ಮ ದೊಡ್ಡಪ್ಪನಿಗೆ ಎಂಡೋಸ್ಕೋಪಿ ಮಾಡಿ ಹಯಾಟಸ್ ಹರ್ನಿಯಾ ಎಂದರು. ಅಂದರೆ ಜಠರದ ಮೇಲ್ಭಾಗ ಎದೆಯ ಕಡೆಗೆ ಜಾರಿದೆ. "ಯಜಮಾನ್ರೆ, ಆಪರೇಷನ್ ಎಲ್ಲಾ ರೋಬೋಟೇ ಮಾಡುತ್ತೆ. ವಾರದಲ್ಲಿ ಬೆಣ್ಣೆ ದೋಸೆ ತಿನ್ನಬಹುದು" ಎಂದ ಅಲ್ಲಿನ ಕೋಆರ್ಡಿನೇಟರ್.

ಎರಡೂ ಸುಳ್ಳು. ರೋಬೋಟ್ ತಾನಾಗಿ ಏನೂ ಮಾಡಲ್ಲ. ಸರ್ಜನ್ ಕನ್ಸೋಲ್ ಮುಂದೆ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಇನ್ನು ಊಟ? ಈ ಆಪರೇಷನ್ ಆದಮೇಲೆ ಕೆಲವು ವಾರ ಗಂಜಿ, ಮೆತ್ತಗಿನ ಅನ್ನವೇ ಗತಿ.

ಆದರೆ ನಿಜವಾದ ಎಡವಟ್ಟು ಬೇರೆ. ಫಂಡೋಪ್ಲಿಕೇಶನ್ ಎಂಬ ಈ ಆಪರೇಷನ್‌ನಲ್ಲಿ ಆಸಿಡ್ ಮೇಲೆ ಬರದಂತೆ ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿಯುತ್ತಾರೆ. ಅನ್ನನಾಳಕ್ಕೆ ತುತ್ತನ್ನು ಕೆಳಗೆ ತಳ್ಳುವ ಶಕ್ತಿ ಇದೆಯಾ ಅಂತ ಅದಕ್ಕೂ ಮೊದಲೇ ನೋಡಬೇಕು. ಅದೇ ಮನೋಮೆಟ್ರಿ. ಮೂಗಿನಿಂದ ಸಣ್ಣ ಟ್ಯೂಬ್ ಇಳಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿ ಅಳೆಯುತ್ತಾರೆ. ಶಕ್ತಿ ಕಮ್ಮಿ ಇದ್ದರೆ ಪೂರ್ತಿ ಸುತ್ತುವ ಬದಲು ಒಂದಷ್ಟು ಭಾಗ ಮಾತ್ರ ಸುತ್ತುವುದುಂಟು. ಆಸಿಡ್ ನಿಜವಾಗಲೂ ಮೇಲೆ ಬರುತ್ತಿದೆಯಾ ಎಂದು ನೋಡಲು 24 ಗಂಟೆಯ ಪಿಎಚ್ ಪರೀಕ್ಷೆಯೂ ಇದೆ. ದೊಡ್ಡಪ್ಪನಿಗೆ ಎರಡನ್ನೂ ಮಾಡಲಿಲ್ಲ. ಪೂರ್ತಿ ಸುತ್ತಿಬಿಟ್ಟರು.

ಶುರುವಿನಲ್ಲಿ ನುಂಗಲು ಸ್ವಲ್ಪ ಕಷ್ಟ ಆಗುವುದು ಸಹಜ, ಊತ ಇಳಿದ ಮೇಲೆ ಸರಿಹೋಗುತ್ತೆ. ಇವರಿಗೆ ತಿಂಗಳುಗಳು ಕಳೆದರೂ ರೊಟ್ಟಿ ಇಳಿಯಲಿಲ್ಲ. ಬೇರೆ ಡಾಕ್ಟರ್ ಮನೋಮೆಟ್ರಿ ಮಾಡಿಸಿದಾಗ ಅನ್ನನಾಳ ವೀಕ್ ಇರುವುದು ಗೊತ್ತಾಯಿತು. ಈಗ ಬಲೂನ್ ಹಾಕಿ ಅಗಲ ಮಾಡಿಸುತ್ತಿದ್ದೇವೆ.

ದುಡ್ಡಿನ ಕಥೆಯೂ ಕೇಳಿ. "ಫುಲ್ ಕ್ಯಾಶ್‌ಲೆಸ್" ಎಂದಿದ್ದರು. ರೋಬೋಟಿಕ್ ಸರ್ಜರಿಗೆ ಪಾಲಿಸಿಯಲ್ಲಿ ಮಿತಿ ಇಡಲು ವಿಮೆ ಕಂಪನಿಗಳಿಗೆ ಅವಕಾಶ ಇದೆ. ನಮ್ಮದರಲ್ಲೂ ಇತ್ತು. ಮಿಕ್ಕಿದ್ದೆಲ್ಲ ಕೈಯಿಂದ ಹೋಯಿತು. ಇದೇ ಆಪರೇಷನ್ ಸಣ್ಣ ತೂತು ಮಾಡಿ ಮಾಡುವ ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲೂ ಆಗುತ್ತೆ, ಖರ್ಚೂ ಸಾಮಾನ್ಯವಾಗಿ ಕಮ್ಮಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷೆ ಬಿಟ್ಟು ಯಂತ್ರ ಮಾರಿದವರ ಮೇಲಿದೆ. ಆಪರೇಷನ್ ನೋಟ್ಸ್ ಕೇಳಿ ಅರ್ಜಿ ಕೊಟ್ಟಿದ್ದೇವೆ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಇನ್ನೂ ಕೊಟ್ಟಿಲ್ಲ.